ಮಾಗಿಯ ಕೆರೆಯೂ ರಬ್ಬರಿನ ಮೀನೂ

ಮಾಗಿಯ ಚಳಿಯಲ್ಲಿ ಗಾಳ ಹಾಕಿದರೆ ಮೀನು ಸಿಕ್ಕೀತೆ, ಸಿಕ್ಕುವುದಾದರೆ ಅಂಗಡಿಯಲ್ಲಿ ಸಾಲಾಗಿ ತೂಗಿಬಿಟ್ಟಿರುವ ಬಣ್ಣಬಣ್ಣದ ರಬ್ಬರ್ ಮೀನುಗಳಲ್ಲಿ ಯಾವುದನ್ನು ಕೊಳ್ಳಬೇಕು ಎಂದು ಗುಬ್ಬಿಯಿಂದ ವಾಚಕರೊಬ್ಬರು ಕೇಳಿದ್ದಾರೆ. ಈ ಪತ್ರಿಕೆಯನ್ನು ತರಿಸುವ ಮನೆಗಳಲ್ಲಿ ಮೀನನ್ನು ಹೊಸಿಲೊಳಕ್ಕೆ ಬಿಡದವು ಅನೇಕವಿರುವುದನ್ನು ನಾವು ಬಲ್ಲೆವು. ಆದರೆ ಭಾನುವಾರ ಕೆರೆಯ ಏರಿಯ ಮೇಲೆ ಗಾಳದ ಕೋಲು ಹಿಡಿದು ನಿಂತಿರುವ ಹುಡುಗರಲ್ಲಿ ಅಂಥ ಮನೆಗಳವರೂ ಇಲ್ಲದಿಲ್ಲ. ಆದಕಾರಣ ಹಿರಿಯರೂ ಇದನ್ನು ಓದಿಕೊಂಡಿದ್ದರೆ ನಷ್ಟವಿಲ್ಲ.

ಅಂಗಡಿಯವರು ಸ್ವಿಮ್‌ಬೇಟ್ ಎಂದು ಕರೆಯುವ ಈ ವಸ್ತುವು ಮೆತ್ತನೆಯ ಪ್ಲಾಸ್ಟಿಕ್ಕಿನಿಂದ ಎರಕ ಹೊಯ್ದ ಮರಿಮೀನಿನ ಆಕಾರ. ವಾಡಿಕೆಯಲ್ಲಿ ಎಲ್ಲರೂ ರಬ್ಬರ್ ಮೀನೆನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ. ಇದರ ಬಾಲದ ತುದಿಯು ಹುಟ್ಟಿನಂತೆ ಅಗಲವಾಗಿದ್ದು, ನೀರಿನಲ್ಲಿ ಎಳೆದಾಗ ಅತ್ತಿತ್ತ ಬಡಿದುಕೊಂಡು ಜೀವಂತ ಮೀನು ಈಜುವಂತೆ ತೋರುವುದು. ಇದರ ವಿಚಾರವಾಗಿ ಹುಡುಗರು ಓದುವ ಉಪದೇಶದಲ್ಲಿ ಬಹುಪಾಲು ಅಮೆರಿಕದ ಬ್ಯಾಸ್ ಎಂಬ ಮೀನನ್ನು ಕುರಿತದ್ದು. ನಮ್ಮ ಕೆರೆಗಳಲ್ಲಿ ಆ ಸ್ಥಾನವನ್ನು ವಹಿಸಿರುವುದು ಕೊರವ. ಕುಚ್ಚು ಮೀನೆಂದು ಕರೆಯುವವರೂ ಉಂಟು. ಎರಡೂ ಜೊಂಡಿನ ಮರೆಯಲ್ಲಿ ಹೊಂಚುಹಾಕಿ, ಹಾದುಹೋಗುವ ಮರಿಮೀನನ್ನೂ ಕಪ್ಪೆಯನ್ನೂ ಒಂದೇ ಹಾರಿಗೆ ಹಿಡಿಯತಕ್ಕವು. ಆದುದರಿಂದ ಆ ಉಪದೇಶ ನಮಗೂ ಸಲ್ಲುವುದೆಂದು ತೋರುವುದು ಸಹಜ. ಎಷ್ಟರಮಟ್ಟಿಗೆ ಸಲ್ಲುವುದು, ಎಲ್ಲಿ ಸಲ್ಲದು ಎಂಬುದನ್ನು ನಾವು ಸ್ವಲ್ಪ ದುಬಾರಿಯಾಗಿಯೇ ಕಲಿತೆವು.

ಕೃತಕ ಮೀನಿನಿಂದ ನಿಜಮೀನನ್ನು ಹಿಡಿಯುವ ವಿದ್ಯೆ ನಮ್ಮ ನಾಡಿಗೆ ನಿನ್ನೆ ಬಂದದ್ದಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಎಂಬವರು ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವನ್ನು 1873ರಲ್ಲಿಯೇ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. 1887ರಲ್ಲಿ ಕೆರೆಗಳ ಗಾಳವನ್ನೇ ಕುರಿತು ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಎಂಬ ಮತ್ತೊಂದು ಗ್ರಂಥವೂ ಹೊರಬಿತ್ತು. ಪರದೇಶದ ವಿದ್ಯೆಯನ್ನು ಇಲ್ಲಿಯ ನೀರಿಗೆ ಹೊಂದಿಸಿಕೊಳ್ಳಬೇಕಾದ ಕಷ್ಟ ಅವರಿಗೂ ಇದ್ದೇ ಇತ್ತು.

ಮಾಗಿಯಲ್ಲಿ ಆಗುವುದೇನೆಂದರೆ, ಮೀನಿನ ಮೈ ನೀರಿನಷ್ಟೇ ಬೆಚ್ಚಗಿರುವುದು, ನೀರಿನಷ್ಟೇ ತಣ್ಣಗಿರುವುದು. ನೀರು ತಣಿದಂತೆ ಅದರ ಜೀರ್ಣಶಕ್ತಿ ಕುಗ್ಗಿ, ಹಸಿವೂ ಓಟವೂ ಕಡಮೆಯಾಗುವುವು. ಅಮೆರಿಕದ ಕೆರೆಗಳಲ್ಲಿ ಚಳಿಗಾಲದ ನೀರು 10 ಡಿಗ್ರಿಗಿಂತಲೂ ಕೆಳಕ್ಕಿಳಿಯುವುದುಂಟು. ತುಮಕೂರಿನ ಸೀಮೆಯಲ್ಲಿ ಅಂಥ ಚಳಿಯಿಲ್ಲ. ಆದರೆ ನಮ್ಮ ಕೊರವ ಬಿಸಿಲುನಾಡಿನ ಪ್ರಾಣಿ. ಪುಷ್ಯಮಾಸದ ಬೆಳಗಿನ ಜಾವದ ಚಳಿಗೆ ನಾವು ಕಂಬಳಿಯಿಂದ ಕೈ ಹೊರಕ್ಕೆ ಚಾಚಲು ಹಿಂಜರಿಯುವಂತೆಯೇ ಅದೂ ತಾನಿರುವ ಜೊಂಡನ್ನು ಬಿಟ್ಟು ಮಾರು ದೂರ ಓಡಿಬರಲು ಹಿಂಜರಿಯುವುದು. ಹಾಗೆಂದು ಉಪವಾಸವಿರುವುದಿಲ್ಲ. ಬಾಯಿಯ ಬಳಿಗೇ ಬಂದ ಸಣ್ಣ ತುತ್ತನ್ನು ಬೇಡವೆನ್ನದು. ಸಣ್ಣದು, ನಿಧಾನವಾದದ್ದು ಬೇಕೆಂಬ ಪರದೇಶದ ಮಾತು ಇಲ್ಲಿ ಪೂರ್ಣವಾಗಿ ಸಲ್ಲುವುದು. ಕೋಳಿ ಕೂಗುವಾಗಲೇ ಏರಿ ಹತ್ತುವ ಬೇಸಗೆಯ ಶಿಸ್ತು ಈಗ ನಿರರ್ಥಕ. ಮನೆಯಲ್ಲಿ ಸ್ನಾನ ತಿಂಡಿ ಮುಗಿಸಿ, ಹತ್ತು ಗಂಟೆಯ ಬಿಸಿಲು ದಡದ ತೆಳುನೀರನ್ನು ಕಾಯಿಸಿದ ಮೇಲೆ ಹೊರಟರೆ ಸಾಕು. ಈ ಒಂದು ಕಾರಣಕ್ಕಾದರೂ ಗೃಹಿಣಿಯರು ಮಾಗಿಯ ಗಾಳವನ್ನು ಮೆಚ್ಚಬೇಕು.

ಇನ್ನು ಆಯ್ಕೆ. ನಮ್ಮ ತಂಗಿಯ ಮಗನೊಬ್ಬ ತುಮಕೂರಿನಲ್ಲಿ ಕೆಲಸಕ್ಕೆ ಸೇರಿ, ಎರಡನೆಯ ತಿಂಗಳ ಸಂಬಳದಲ್ಲಿ ಗೇಣುದ್ದದ ಕೀಲುಮೀನೊಂದನ್ನು ಕೊಂಡುತಂದ. ನೋಡಲು ಬಹು ಸೊಗಸು. “ದೊಡ್ಡ ಮೀನಿಗೆ ದೊಡ್ಡ ಎರೆಯೇ ಬೇಕಲ್ಲವೆ, ಮಾವ?” ಎಂದ. ಬೇಸಗೆಯಲ್ಲಾದರೆ ಹೌದೆನ್ನುತ್ತಿದ್ದೆವು. ಮಾಗಿಗೆ ಮೂರರಿಂದ ನಾಲ್ಕು ಅಂಗುಲದ್ದು ಸಾಕು. ಅದಕ್ಕಿಂತ ಮುಖ್ಯವಾದದ್ದು ಬಾಲ. ದಪ್ಪನಾದ, ಗಡುಸಾದ ಬಾಲವು ವೇಗವಾಗಿ ಎಳೆದರೆ ಮಾತ್ರ ಅಲುಗುವುದು; ನಿಧಾನವಾಗಿ ಎಳೆದರೆ ಸತ್ತ ಮೀನಿನಂತೆ ನೆಟ್ಟಗೆ ಬರುವುದು. ಚಳಿಗೆ ಪ್ಲಾಸ್ಟಿಕ್ಕು ಮತ್ತಷ್ಟು ಬಿಗಿಯುವುದು ಬೇರೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಬಚ್ಚಲ ಹಂಡೆಯಲ್ಲಿ ತಣ್ಣೀರು ತುಂಬಿ, ರಬ್ಬರ್ ಮೀನನ್ನು ಒಂದು ಗೇಣು ನೂಲಿಗೆ ಕಟ್ಟಿ, ಅಂಚಿನಿಂದ ಅಂಚಿಗೆ ಮೆಲ್ಲಮೆಲ್ಲನೆ ಎಳೆಯಿರಿ. ಆ ಮಂದಗತಿಯಲ್ಲಿಯೂ ಬಾಲ ತುಯ್ದಾಡಿದರೆ ಅದು ಮಾಗಿಗೆ ತಕ್ಕದ್ದು. ಇಲ್ಲವಾದರೆ ಬೇಸಗೆಗೆ ಎತ್ತಿಡಿ. ನಮ್ಮ ಅಳಿಯನ ಪೆಟ್ಟಿಗೆಯಲ್ಲಿದ್ದ ಹನ್ನೊಂದರಲ್ಲಿ ಹಂಡೆಯ ಪರೀಕ್ಷೆಗೆ ತೇರ್ಗಡೆಯಾದವು ಮೂರೇ, ಅವು ಅವನು ಕೊಂಡವುಗಳಲ್ಲೆಲ್ಲ ಅಗ್ಗದವು. ಡಬ್ಬಿಯಲ್ಲಿ ಮಡಿಸಿಹೋದ ಬಾಲವನ್ನು ಕ್ಷಣಕಾಲ ಬಿಸಿನೀರಿನಲ್ಲಿ ಅದ್ದಿ ತಣ್ಣೀರಿಗೆ ಹಾಕಿದರೆ ನೆಟ್ಟಗಾಗುವುದು.

ಬಣ್ಣದ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹಿಂಗಾರಿನಲ್ಲಿ ಬಂದ ಕೆಮ್ಮಣ್ಣಿನ ನೀರು ಮಾಗಿಯ ಹೊತ್ತಿಗೆ ತಿಳಿಯಾಗುವುದರಿಂದ ನಿಜಮೀನಿನ ಬಣ್ಣವೇ ಮೇಲು. ನಮ್ಮ ಕೆರೆಗಳಲ್ಲಿ ಕೊರವನಿಗೆ ದೊರೆಯುವ ಮರಿಗಳಲ್ಲಿ ಜಿಲೇಬಿ ಮೀನಿನವು ಹೇರಳ. ಆಫ್ರಿಕದ ಈ ಮೀನು ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ. ಈಗ ಹಳೆಯ ಒಕ್ಕಲಿನಂತೆ ನೆಲೆಯೂರಿದೆ. ಬೂದುಬೆನ್ನು, ಪಕ್ಕದಲ್ಲಿ ಮಸುಕಾದ ಪಟ್ಟೆ, ಬಿಳಿಯ ಹೊಟ್ಟೆ ಇಷ್ಟಿದ್ದರೆ ಆಯಿತು. ಕೊಕ್ಕೆ ಒಂಟಿಯದಿರಲಿ, ಅದರ ಮೊನೆ ರಬ್ಬರಿನ ಬೆನ್ನಿನಲ್ಲಿ ಹುದುಗಿರಲಿ. ಹಾಗಿದ್ದರೆ ತಾವರೆಯ ದಂಟಿಗೆ ಸಿಕ್ಕಿಕೊಳ್ಳದು. ಮೂರು ಕವಲಿನ ಕೊಕ್ಕೆ ನಮ್ಮ ಕೆರೆಗಳಿಗೂ ಹೇಳಿಸಿದ್ದಲ್ಲ, ಚಿಕ್ಕಮಕ್ಕಳಿರುವ ಮನೆಗೂ ಹೇಳಿಸಿದ್ದಲ್ಲ.

ಈಗ ನಮ್ಮ ತಪ್ಪನ್ನು ಹೇಳಬೇಕು. ಚಳಿಗಾಲದ ತಿಳಿನೀರಿನಲ್ಲಿ ಮೀನಿನ ಕಣ್ಣಿಗೆ ಬೀಳದಂತೆ ನೂಲು ಸಣ್ಣದಿರಬೇಕೆಂದು ಪರದೇಶದವರು ಬರೆಯುವರು. ನಾವು ಅದನ್ನು ನಂಬಿ, ಎಂಟು ಪೌಂಡು ಭಾರ ತಡೆಯುವ ನೈಲಾನ್ ನೂಲನ್ನು ರಾಟೆಗೆ ಸುತ್ತಿಕೊಂಡು, ಗುಬ್ಬಿ ತಾಲ್ಲೂಕಿನ ಒಂದು ತಾವರೆಗೆರೆಗೆ ಅಳಿಯನೊಡನೆ ಹೋದೆವು. ಮಧ್ಯಾಹ್ನದ ಹೊತ್ತಿಗೆ ನಮ್ಮ ರಬ್ಬರ್ ಮೀನನ್ನು ಕೊರವವೊಂದು ಕಚ್ಚಿತು. ಹಿಡಿದ ತಕ್ಷಣವೇ ದಂಟುಗಳ ನಡುವೆ ನುಗ್ಗಿ ಎರಡು ಸುತ್ತು ಸುತ್ತಿತು. ನೂಲು ಬಿಗಿಯಿತು, ಕಿತ್ತಿತು. “ಹೋದರೆ ಹೋಗಲಿ, ಬದುಕಿಕೊಂಡಿತು” ಎಂದು ನಾವು ಉದಾರವಾಗಿ ಮಾತನಾಡಿದೆವು. ಅಳಿಯ ಮಾತ್ರ ಸುಮ್ಮನೆ ನೀರನ್ನೇ ನೋಡುತ್ತಿದ್ದ. ಮಾರನೆಯ ಬೆಳಿಗ್ಗೆ ನಮಗೆ ಹೇಳದೆ ತಾನೊಬ್ಬನೇ ಹೋಗಿ ಬಂದ. ಮೀನು ಅದೇ ದಂಟುಗಳ ನಡುವೆ, ನೀರಿನ ಮೇಲ್ಮೈಗೆ ಮೊಳದಷ್ಟು ಕೆಳಗೆ, ನಮ್ಮ ನೂಲಿನಲ್ಲಿ ಸುತ್ತಿಕೊಂಡು ಸತ್ತಿತ್ತು. ಬಾಯಂಚಿನಲ್ಲಿ ನಮ್ಮ ರಬ್ಬರ್ ಮೀನು. “ಗಾಯ ಏನೂ ದೊಡ್ಡದಿರಲಿಲ್ಲ, ಮಾವ. ಅದು ಉಸಿರುಕಟ್ಟಿ ಸತ್ತಿದೆ” ಎಂದ.

ಅವನು ಹೇಳಿದ್ದೇ ನಿಜ. ಬ್ಯಾಸ್ ಮೀನು ಇತರ ಮೀನುಗಳಂತೆ ಕಿವಿರುಗಳಿಂದ ನೀರಿನೊಳಗೇ ಉಸಿರಾಡುವುದು. ಕೊರವಕ್ಕೆ ಅಷ್ಟೇ ಸಾಲದು. ಅದರ ತಲೆಯಲ್ಲಿ ಕಿವಿರುಗಳ ಮೇಲ್ಗಡೆ ಗಾಳಿಯನ್ನು ಹಿಡಿಯುವ ಕೋಶಗಳಿದ್ದು, ಆಗಾಗ ಮೇಲೆ ಬಂದು ಗಾಳಿ ನುಂಗಿಹೋಗದಿದ್ದರೆ ಅದು ನೀರಿನಲ್ಲಿಯೇ ಮುಳುಗಿ ಸಾಯತಕ್ಕ ಮೀನು. ಕೆರೆ ಬತ್ತಿದಾಗ ಕೆಸರಿನಲ್ಲಿ ಅದು ಬದುಕಿರುವುದೂ, ಸಂತೆಯ ಬುಟ್ಟಿಯಲ್ಲಿ ಗಂಟೆಗಟ್ಟಲೆ ಮಿಡುಕುವುದೂ ಇದೇ ಶಕ್ತಿಯಿಂದ. ನಮಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗಾಳದ ನೂಲನ್ನು ಆರಿಸುವಾಗ ಅದು ನೆನಪಿಗೆ ಬರಲಿಲ್ಲ. ಬಯಲುನೀರಿನಲ್ಲಿ ಕೊಕ್ಕೆಯೊಡನೆ ತಪ್ಪಿಸಿಕೊಂಡ ಬ್ಯಾಸ್ ಬದುಕಿಕೊಳ್ಳುವ ಸಂಭವವುಂಟು. ತಾವರೆಯ ಬುಡಕ್ಕೆ ಕಟ್ಟಿಬಿದ್ದ ಕೊರವಕ್ಕೆ ಆ ಸಂಭವವಿಲ್ಲ.

ಆದಕಾರಣ ನೀರು ಎಷ್ಟೇ ತಿಳಿಯಾಗಿರಲಿ, ಜೊಂಡು ತಾವರೆಗಳಿರುವಲ್ಲಿ 30 ಪೌಂಡಿಗೆ ಕಡಮೆಯಿಲ್ಲದ ಹೆಣಿಗೆ ನೂಲನ್ನೇ ಕಟ್ಟಬೇಕೆಂಬುದು ನಮ್ಮ ಅಭಿಪ್ರಾಯ. ಅದು ಮೀನಿನ ಕಣ್ಣಿಗೆ ಬಿದ್ದು ಹತ್ತರಲ್ಲಿ ನಾಲ್ಕು ಕಚ್ಚದೆ ಹೋದರೂ ಚಿಂತೆಯಿಲ್ಲ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿಬಿಡಿ. ಒಂದುವೇಳೆ ನೂಲು ಕಿತ್ತರೂ ಮೀನು ಕೊಕ್ಕೆಯನ್ನು ಒದರಿಕೊಳ್ಳಬಹುದು. ಬೆರಳಿಗೆ ಚುಚ್ಚಿದರೂ ಸುಲಭವಾಗಿ ಹೊರಬರುವುದು.

ಕಳೆದ ತಿಂಗಳು ಇದೇ ಸಿದ್ಧತೆಯೊಡನೆ ಕುಣಿಗಲ್ ತಾಲ್ಲೂಕಿಗೆ ಹೋಗಿದ್ದೆವು. ಹಾಡಿನಲ್ಲಿ ಬರುವ ಆ ದೊಡ್ಡಕೆರೆಗಲ್ಲ, ಹಳ್ಳಿಯೊಂದರ ಪಕ್ಕದ ಸಣ್ಣ ಕೆರೆಗೆ. ಮೀನಿನ ಹಕ್ಕನ್ನು ಗುತ್ತಿಗೆಗೆ ಪಡೆದವರ ಅಪ್ಪಣೆಯನ್ನು ಮೊದಲೇ ಕೇಳಿದೆವು. ತಾವು ಬಿಟ್ಟಿರುವ ಕಾಟ್ಲಾ ರೋಹುಗಳ ಮರಿಗಳನ್ನು ತಿನ್ನುವ ಕೊರವನ ಮೇಲೆ ಅವರಿಗೆ ವಿಶೇಷ ಪ್ರೀತಿಯೇನಿಲ್ಲವಾದ್ದರಿಂದ ಸಂತೋಷವಾಗಿಯೇ ಒಪ್ಪಿದರು. (ತುಮಕೂರಿಗೆ ಕುಡಿಯುವ ನೀರನ್ನೊದಗಿಸುವ ಬುಗುಡನಹಳ್ಳಿಯಂಥ ಕೆರೆಗಳ ಹತ್ತಿರ ಕೋಲು ಹಿಡಿದು ಹೋಗತಕ್ಕದ್ದಲ್ಲ.) ಏರಿಯ ಮೇಲೆ ದನ ಕಾಯುತ್ತಿದ್ದ ಮುದುಕರೊಬ್ಬರು ಅಳಿಯನ ರಾಟೆಯ ವೇಗವನ್ನು ಕಂಡು, “ಬುದ್ಧಿ, ಮೀನು ಬಿಸಿಲು ಕಾಯಿಸ್ತಾ ಕೂತದೆ. ನೀವು ಓಡಿಸ್ಕೊಂಡು ಹೋದ್ರೆ ಅದು ಯಾಕೆ ಎದ್ದಾತು?” ಎಂದರು. ಅಮೆರಿಕದವರು ಪುಟಗಟ್ಟಲೆ ಬರೆದದ್ದೂ ಇಷ್ಟೇ.

ಅಲ್ಲಿಂದ ಮುಂದೆ ಅವನು ರಬ್ಬರ್ ಮೀನನ್ನು ಜೊಂಡಿನ ಅಂಚಿಗೆ ಎಸೆದು, ತಳಕ್ಕಿಳಿಯುವವರೆಗೆ ಎಣಿಸಿ, ಬಾಲ ಅಲುಗಲು ಬೇಕಾದಷ್ಟು ಮಾತ್ರ ಸುತ್ತಿ, ಎರಡು ಮಾರಿಗೊಮ್ಮೆ ನಿಲ್ಲಿಸಿ, ಐದೆಣಿಸಿ ಮತ್ತೆ ಸುತ್ತತೊಡಗಿದ. ಕಚ್ಚಿದ್ದು ನಿಂತಿದ್ದಾಗಲೇ. ಒದೆತವೇನೂ ಇಲ್ಲ, ನೂಲು ಸ್ವಲ್ಪ ಭಾರವಾಯಿತು, ಅಷ್ಟೆ. ಮೀನು ಜೊಂಡಿಗೆ ನುಗ್ಗಿತು. ದಪ್ಪ ನೂಲು ಜೊಂಡಿನ ಸಮೇತ ಅದನ್ನು ಎಳೆದುತಂದಿತು. ಸುಮಾರು ಒಂದೂವರೆ ಸೇರು ತೂಗಬಹುದಾದ ಕೊರವ. ಒದ್ದೆ ಕೈಯಲ್ಲಿ ಹಿಡಿದು, ಕೊಕ್ಕೆ ಬಿಡಿಸಿ, ನೀರಿಗೆ ಬಿಟ್ಟ. ಅದು ಕೂಡಲೇ ಕಾಣೆಯಾಯಿತು. ನಾವು ಹೊರಡಲು ಎದ್ದರೂ ಅವನು ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಜೊಂಡಿನಾಚೆ ಒಂದು ಮೀನು ಮೇಲೆ ಬಂದು ಗುಳಕ್ಕೆಂದು ಗಾಳಿ ನುಂಗಿ ಇಳಿಯಿತು. ಅದೇ ಮೀನೋ ಬೇರೆಯದೋ ಹೇಳಬಲ್ಲವರು ಯಾರು? ಅವನು ಅದನ್ನು ನೋಡಿದ ಮೇಲೆಯೇ ಕೋಲನ್ನು ಮಡಿಚಿದ.

ಹಂಡೆಯನ್ನು ಮಾತ್ರ ನಮ್ಮ ತಂಗಿ ಹುಣಿಸೆಹಣ್ಣು ಹಾಕಿ ಮೂರು ಸಲ ತಿಕ್ಕಿದಳು. ವಾಚಕರು ಪರೀಕ್ಷೆಗೆ ಬೇರೊಂದು ಬಕೀಟನ್ನು ಇಟ್ಟುಕೊಳ್ಳುವುದು ಕ್ಷೇಮ.