ನೀರಿನ ಬೆಲೆ



ನಮ್ಮ ಮನೆಯಲ್ಲಿ ಪಾತ್ರೆ ತಿಕ್ಕುವ ಹೆಂಗಸು ಕಲಬುರಗಿಯ ಕಡೆಯವಳು. ಕಳೆದ ತಿಂಗಳು ಮೂರು ದಿನ ಮೇಲಿಂದ ಮೇಲೆ ತಡವಾಗಿ ಬಂದಳು. ನಾನು ಗದರಿಸಿದೆ, ಅರ್ಧ ದಿನದ ಸಂಬಳ ಹಿಡಿಯುವೆನೆಂದೂ ಅಂದೆ. “ನೀರು ಬರಲಿಲ್ರೀ ಅಕ್ಕಾರ, ಕ್ಯಾನ್ ತುಂಬಿಸ್ಕೊಂಡು ಬರೋದ್ರಾಗ ಹೊತ್ತಾತು” ಎಂದಳು.

ಕೇಳಿದಾಗ ತಿಳಿಯಿತು: ಆಕೆಯ ಗುಡಿಸಲಿಗೆ ನಲ್ಲಿಯೇ ಇಲ್ಲ. 35 ಲೀಟರಿನ ಒಂದು ಕ್ಯಾನಿಗೆ 20 ರೂಪಾಯಿ ತೆತ್ತು ನೀರು ಕೊಳ್ಳುತ್ತಾಳೆ. ಲೆಕ್ಕ ಹಾಕಿದರೆ ಸಾವಿರ ಲೀಟರಿಗೆ 500 ರೂಪಾಯಿ ಮೀರುತ್ತದೆ. ಅಷ್ಟೇ ನೀರಿಗೆ ನಮ್ಮಂಥ ವಾಸದ ಕಟ್ಟಡಗಳಿಗೆ ನಗರಪಾಲಿಕೆಯ ಸಾಮಾನ್ಯ ದರ 10 ರೂಪಾಯಿಯೂ ಇಲ್ಲ. ಬಡವರಿಗೆ ಎಲ್ಲವೂ ಪುಕ್ಕಟೆ ಎನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಇದು ಒಬ್ಬಳ ಕಥೆಯಲ್ಲ. 2011ರ ಜನಗಣತಿಯಂತೆ ಬೃಹನ್ಮುಂಬಯಿಯ ಝೋಪಡಪಟ್ಟಿಗಳಲ್ಲಿದ್ದವರು ಸುಮಾರು 52 ಲಕ್ಷ. ನೂರಕ್ಕೆ ನಲವತ್ತಕ್ಕೂ ಮಿಕ್ಕಿ. ತಾನಸಾ ಜಲಾಶಯದಿಂದ ನಗರಕ್ಕೆ ನೀರು ತರುವ ದೊಡ್ಡ ಕೊಳವೆಗಳು ಎಷ್ಟೋ ಗುಡಿಸಲುಗಳ ಮಗ್ಗುಲಲ್ಲೇ ಹಾದುಬರುತ್ತವೆ. ಆದರೆ 2000ದ ಜನವರಿ 1ರ ನಂತರ ಎದ್ದ ಗುಡಿಸಲುಗಳಿಗೆ ನೀರಿನ ಜೋಡಣೆ ಕೊಡಲಾಗದೆಂದು ಬಹುಕಾಲ ನಿಯಮವಿತ್ತು. ಬಾಯಾರಿಕೆಗೆ ತಾರೀಖು ಗೊತ್ತೇ?

2014ರ ಡಿಸೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು, ಗುಡಿಸಲು ಅನಧಿಕೃತವಾದರೂ ಅದರೊಳಗಿನವರಿಗೆ ಕುಡಿಯುವ ನೀರಿನ ಹಕ್ಕುಂಟು, ಅದು ಜೀವಿಸುವ ಹಕ್ಕಿನದೇ ಭಾಗ ಎಂದು ತೀರ್ಪಿತ್ತಿತು. 2022ರಲ್ಲಿ ನಗರಪಾಲಿಕೆಯೂ ‘ಎಲ್ಲರಿಗೂ ನೀರು’ ಎಂಬ ಧೋರಣೆಯನ್ನು ಪ್ರಕಟಿಸಿತು. ಆದರೆ ಅರ್ಜಿಯಿಲ್ಲದೆ ನಲ್ಲಿ ಬರುವುದಿಲ್ಲ. ಅರ್ಜಿ ಬರೆಯಲು ಅಕ್ಷರ ಬೇಕು. ಕಚೇರಿಗೆ ಹೋಗಲು ಒಂದು ದಿನದ ಕೂಲಿ ಬಿಡಬೇಕು. ಕೂಲಿ ಬಿಟ್ಟರೆ ಆ ದಿನದ ನೀರಿಗೇ ದುಡ್ಡಿಲ್ಲ!

ನಾನು ಸಂಬಳ ಹಿಡಿಯಲಿಲ್ಲ. ಅದೇನೂ ಹೇಳಿಕೊಳ್ಳುವಂಥ ದೊಡ್ಡ ಗುಣವಲ್ಲ. ನನ್ನ ಮನೆಯ ಪಾತ್ರೆಗಳನ್ನು ಧಾರಾಳವಾಗಿ ಹರಿಯುವ ನಲ್ಲಿಯ ಕೆಳಗೆ ತೊಳೆಯುವವಳು ತನ್ನ ಮಕ್ಕಳ ಮೈ ತೊಳೆಯಲು ಚೊಂಬು ಎಣಿಸುತ್ತಾಳೆಂಬುದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲವಲ್ಲ ಎಂಬುದೇ ನಾಚಿಕೆ.

ಬರುವ ಭಾನುವಾರ ಆಕೆಯ ಓಣಿಗೆ ಹೋಗಿ ನಾಲ್ಕಾರು ಮನೆಗಳ ಅರ್ಜಿ ಬರೆದುಕೊಡಬೇಕೆಂದಿದ್ದೇನೆ. ಮರಾಠಿ ಚೆನ್ನಾಗಿ ಬಲ್ಲವರು, ಕಚೇರಿಯ ಕಾಗದಪತ್ರ ತಿಳಿದವರು ನಮ್ಮ ಸಂಘದಲ್ಲಿ ಅನೇಕರಿದ್ದೀರಿ. ನಿಮ್ಮ ಮನೆಗೆ ಬರುವವಳನ್ನೂ ಒಮ್ಮೆ ಕೇಳಿ ನೋಡಿ: “ನಿನ್ನ ಮನೆಗೆ ನೀರು ಎಲ್ಲಿಂದ?”

ನಮ್ಮ ಅರ್ಜಿಗಳ ಗತಿ ಏನಾಯಿತೆಂದು ಮುಂದಿನ ಸಂಚಿಕೆಯಲ್ಲಿ ತಿಳಿಸುವೆ.