ಜಗಲಿಯ ಮೇಲಿನ ಮಣ್ಣು

ಉತ್ತರ ಕರ್ನಾಟಕದ ಒಕ್ಕಲು ಮನೆಗಳಲ್ಲಿ ದೇವರ ಜಗಲಿಗೆ ಇರುವ ಸ್ಥಾನ ವಿಶಿಷ್ಟವಾದುದು. ಅದು ಗುಡಿಯಲ್ಲ, ಗುಡಿಯ ಕಿರುಪ್ರತಿಯೂ ಅಲ್ಲ. ಹಳೆಯ ಮನೆಗಳಲ್ಲಿ ಅಡುಗೆಮನೆಯ ಮಗ್ಗುಲಲ್ಲಿ ಮೊಣಕಾಲೆತ್ತರಕ್ಕೆ ಕಟ್ಟಿದ ಒಂದು ಮಣ್ಣಿನ ಕಟ್ಟೆ, ಅದರ ಮೇಲೊಂದು ನೀರು ತುಂಬಿದ ತಂಬಿಗೆ, ಒಂದು ಎಣ್ಣೆಯ ದೀಪ, ವಿಭೂತಿಯ ಗಟ್ಟಿ, ಲೋಬಾನದ ಹೊಗೆ, ಇಷ್ಟೇ ಅದರ ಸಂಪತ್ತು. ಆದರೆ ವಿಚಾರಿಸಿ ನೋಡಿದರೆ ಪಂಚಭೂತಗಳೆಲ್ಲವೂ ಅಲ್ಲಿ ಮೌನವಾಗಿ ನೆಲೆಸಿವೆ. ಕಟ್ಟೆಯಲ್ಲಿ ಪೃಥ್ವಿ, ತಂಬಿಗೆಯಲ್ಲಿ ಅಪ್ಪು, ದೀಪದಲ್ಲಿ ತೇಜ, ತೇಲುವ ಹೊಗೆಯಲ್ಲಿ ವಾಯು, ಇವೆಲ್ಲಕ್ಕೂ ಎಡೆಕೊಟ್ಟ ಬಯಲಿನಲ್ಲಿ ಆಕಾಶ. ಶಾಲೆಯ ಪಾಠದಲ್ಲಿ ಈ ಐದು ಹೆಸರುಗಳನ್ನು ಬಾಯಿಪಾಠ ಮಾಡುವ ಮೊದಲೇ ಮಗುವು ಅಜ್ಜಿಯ ಬೆನ್ನ ಹಿಂದೆ ಕುಳಿತು ಅವುಗಳ ಪರಿಚಯ ಮಾಡಿಕೊಳ್ಳುತ್ತಿತ್ತು.

ಈ ಐದರಲ್ಲಿ ಮಣ್ಣಿಗೆ ಮಾತ್ರ ವರ್ಷದಲ್ಲಿ ಹಲವು ಬಾರಿ ಜಗಲಿಯ ಮೇಲೆ ವಿಶೇಷ ಮರ್ಯಾದೆ. ಕಾರಹುಣ್ಣಿಮೆಯ ದಿನ ಜೀವಂತ ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ ಪೂಜಿಸಿದ ಹದಿನೈದು ದಿನಗಳಿಗೆ, ಜ್ಯೇಷ್ಠದ ಅಮಾವಾಸ್ಯೆಯಂದು, ಹಸಿಮಣ್ಣಿನ ಜೋಡೆತ್ತುಗಳು ತಮ್ಮ ಗೋದಲಿಯೊಡನೆ ಜಗಲಿಯನ್ನೇರುತ್ತವೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದ ಚೌತಿಗೆ ಗಣಪ, ಅದರ ಬೆನ್ನಿಗೆ ಬುಟ್ಟಿಯಲ್ಲಿ ಕುಳಿತು ಮನೆಮನೆಯ ಬಾಗಿಲಿಗೆ ಬರುವ ಜೋಕುಮಾರ, ಎಲ್ಲರೂ ಮಣ್ಣಿನ ಮಕ್ಕಳೇ. ಆಶ್ವಯುಜದ ಸೀಗೆಹುಣ್ಣಿಮೆಯ ಹೊತ್ತಿಗೆ ಮೂರ್ತಿಯ ಹಂಗೂ ಉಳಿಯುವುದಿಲ್ಲ. ಪೈರು ಹೊತ್ತ ಭೂಮಿಯನ್ನೇ ಬಸುರಿಯೆಂದು ಭಾವಿಸಿ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಬಿತ್ತನೆಯ ಕಾಲದಿಂದ ತೆನೆಯ ಕಾಲದವರೆಗೆ ಒಕ್ಕಲಿಗನ ಮನೆಯು ಮಣ್ಣಿನೊಡನೆ ನಡೆಸುವ ಸಂಭಾಷಣೆ ಇದು.

ಈ ಸಂಭಾಷಣೆಯು ಇಂದು ಕ್ಷೀಣಿಸುತ್ತಿದೆಯೆಂಬುದನ್ನು ಒಪ್ಪಿಕೊಳ್ಳಲೇಬೇಕು. ಹಿಂದೆ ಕುಂಬಾರನು ಮಣ್ಣೆತ್ತುಗಳನ್ನು ಮನೆಗೆ ತಂದುಕೊಟ್ಟು ಮೊರದಲ್ಲಿ ಜೋಳ ಪಡೆದು ಹೋಗುತ್ತಿದ್ದನು. ಇಲ್ಲವೇ ಮನೆಯ ಮಕ್ಕಳೇ ಕೆರೆಯಂಗಳದಿಂದ ಜಿಗುಟುಮಣ್ಣು ತಂದು ತಿದ್ದುತ್ತಿದ್ದರು. ಈಗ ಪೇಟೆಯಲ್ಲಿ ಅಚ್ಚಿನಿಂದ ತೆಗೆದ, ಹೊಳೆಯುವ ಬಣ್ಣ ಬಳಿದ ಗೊಂಬೆಗಳು ದೊರೆಯುತ್ತವೆ. ಅವುಗಳಲ್ಲಿ ಎಷ್ಟೋ ಮಣ್ಣಿನವೇ ಅಲ್ಲ. ಜಿಪ್ಸಂ ಖನಿಜವನ್ನು ಸುಮಾರು ೧೫೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಯಿಸಿ ಮಾಡಿದ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನವು ಅವು. ನೀರಿಗೆ ಬಿಟ್ಟರೆ ಹಸಿಮಣ್ಣಿನಂತೆ ಅವು ಬೇಗ ಕರಗುವುದಿಲ್ಲ. ಬಣ್ಣದೊಳಗಿನ ವಿಷವಸ್ತುಗಳು ನೀರನ್ನು ಕೆಡಿಸುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಮೂರ್ತಿಗಳ ವಿಸರ್ಜನೆಯ ಬಗ್ಗೆ ೨೦೧೦ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿ, ೨೦೨೦ರಲ್ಲಿ ಅವುಗಳನ್ನು ಪರಿಷ್ಕರಿಸಿ ಇಂಥ ಮೂರ್ತಿಗಳನ್ನು ನಿಷೇಧಿಸಬೇಕಾಯಿತು. ಕಾನೂನು ಕೆರೆಯನ್ನು ಕಾಯಬಹುದು. ಆದರೆ ಜಗಲಿಯ ಮೇಲಿಂದ ಮಣ್ಣು ಇಳಿದುಹೋದಾಗ ಮನಸ್ಸಿನೊಳಗೆ ಆಗುವ ನಷ್ಟವನ್ನು ಯಾವ ಮಂಡಳಿಯೂ ಅಳೆಯಲಾರದು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವು ಏಳುತ್ತದೆ. ಶರಣಧರ್ಮದ ನೆರಳಿನಲ್ಲಿ ಬೆಳೆದ ವಿದ್ಯಾಸಂಸ್ಥೆಯು ಅದನ್ನು ಬದಿಗೆ ಸರಿಸುವಂತಿಲ್ಲ. ಮನುಷ್ಯನೇ ಮಾಡಿ, ಅಗತ್ಯ ಬಿದ್ದಾಗ ಮನುಷ್ಯನೇ ಮಾರಿಬಿಡುವ ದೈವದ ಮುಂದೆ ಕೈಯೊಡ್ಡುವುದನ್ನು ಬಸವಣ್ಣನವರು ೧೨ನೆಯ ಶತಮಾನದಲ್ಲಿಯೇ ನೇರವಾಗಿ ಪ್ರಶ್ನಿಸಿದರು. ಅಂಗದ ಮೇಲೆ ಇಷ್ಟಲಿಂಗವನ್ನು ಧರಿಸಿದವನಿಗೆ ಜಗಲಿಯ ಮೇಲೆ ಬೇರೊಂದು ದೇವರ ಅಗತ್ಯವಿಲ್ಲ. ಹಾಗಿರುವಲ್ಲಿ ಮಣ್ಣೆತ್ತಿಗೆ ಆರತಿ ಎತ್ತುವುದು ಶರಣರ ದಾರಿಯಿಂದ ಹಿಂದೆ ಸರಿದಂತಾಗುವುದಿಲ್ಲವೇ?

ಮಣ್ಣೆತ್ತಿನ ಮುಂದೆ ನಿಂತು ಮಳೆ ಕೊಡು, ಮಗ ಕೊಡು, ರೊಕ್ಕ ಕೊಡು ಎಂದು ಬೇಡಿದರೆ ಆ ಆಕ್ಷೇಪವು ನೂರಕ್ಕೆ ನೂರು ಸರಿ. ಆದರೆ ಹಸಿಮಣ್ಣಿನ ಎತ್ತು ಶಾಶ್ವತವೆಂದು ಯಾರೂ ಭಾವಿಸುವುದಿಲ್ಲ. ಅದು ಕೆಲವು ದಿನ ಇರುತ್ತದೆ, ಒಣಗಿ ಬಿರುಕು ಬಿಡುತ್ತದೆ, ಹೊಲಕ್ಕೋ ಬಾವಿಗೋ ಮರಳುತ್ತದೆ. ಅದು ದೇವರೆಂದು ಬಂದುದಲ್ಲ; ಋಣದ ನೆನಪಾಗಿ ಬಂದುದು. ಶರಣರು ಜಡಮೂರ್ತಿಗೆ ಶರಣಾಗುವುದನ್ನು ನಿರಾಕರಿಸಿದರೇ ಹೊರತು ಮಣ್ಣನ್ನು ಕೀಳೆಂದವರಲ್ಲ. ಮಣ್ಣು ತುಳಿದು ಮಡಕೆ ಮಾಡಿದ ಕುಂಬಾರ ಗುಂಡಯ್ಯನನ್ನು ಹರಿಹರನು ಒಂದು ರಗಳೆಯ ನಾಯಕನನ್ನಾಗಿಸಿದನು. ಮಣ್ಣು ಉತ್ತ ಒಕ್ಕಲಿಗ ಮುದ್ದಣ್ಣನು ಶರಣರ ಸಾಲಿನಲ್ಲಿ ಸೇರಿದನು. ಷಟ್‌ಸ್ಥಲದ ವಿವರಣೆಯಲ್ಲಿಯೂ ಮೊದಲ ಮೆಟ್ಟಿಲಾದ ಭಕ್ತಸ್ಥಲಕ್ಕೆ ಹೊಂದಿಕೊಂಡ ಭೂತವು ಪೃಥ್ವಿಯೇ. ಸಾಧನೆಯ ಆರಂಭವೇ ನೆಲದಿಂದ. ನಿಜಕ್ಕೂ ಶರಣರ ಟೀಕೆಗೆ ಗುರಿಯಾಗಬೇಕಾದುದು ಪೇಟೆಯಿಂದ ಕೊಂಡುತಂದ, ಗಾತ್ರದಲ್ಲಿ ನೆರೆಮನೆಯದನ್ನು ಮೀರಿಸಬೇಕೆಂಬ ಹಟದ, ನೀರನ್ನು ಕೆಡಿಸುವ ಬಣ್ಣದ ಮೂರ್ತಿಯೇ ಹೊರತು ಮಗುವಿನ ಬೆರಳ ಗುರುತು ಹೊತ್ತ ಮಣ್ಣೆತ್ತಲ್ಲ.

ಇನ್ನು ಕೆಲವರು, ಹೊಲದಲ್ಲಿ ಟ್ರ್ಯಾಕ್ಟರ್ ಬಂದಿದೆ, ಕೊಟ್ಟಿಗೆ ಬರಿದಾಗಿದೆ, ಎತ್ತಿಲ್ಲದ ಮನೆಯಲ್ಲಿ ಮಣ್ಣೆತ್ತೇಕೆ ಎಂದು ಕೇಳುತ್ತಾರೆ. ಎತ್ತು ಹೋದರೂ ಮಣ್ಣು ಹೋಗಿಲ್ಲವೆಂಬುದೇ ಇದಕ್ಕೆ ಉತ್ತರ. ಈ ನಾಡಿನ ಎರೆಮಣ್ಣಿನ ಬಹುಭಾಗವು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಉಕ್ಕಿಹರಿದ ಲಾವಾದಿಂದಾದ ಬಸಾಲ್ಟ್ ಶಿಲೆಯು ಸವೆದು ಉಂಟಾದುದು. ಒಂದು ಅಂಗುಲ ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷ ಬೇಕು. ಒಡ್ಡಿಲ್ಲದ ಇಳಿಜಾರಿನ ಹೊಲದಲ್ಲಿ ಅದನ್ನು ಕೊಚ್ಚಿಹಾಕಲು ಕೆಲವೇ ಬಿರುಮಳೆಗಳು ಸಾಕು. ಬೇಸಿಗೆಯಲ್ಲಿ ಬಾಯಿಬಿಟ್ಟು, ಮಳೆಗೆ ಉಬ್ಬಿ, ಹಿಂಗಾರಿಯ ಜೋಳಕ್ಕೆ ತಿಂಗಳುಗಟ್ಟಲೆ ತೇವವನ್ನು ಕಾಯ್ದಿಡುವ ಆ ನೆಲದ ಗುಣವನ್ನು ಕೈಯಿಂದ ಮುಟ್ಟಿ ಅರಿಯದ ತಲೆಮಾರು ನಾಳೆ ಅದನ್ನು ಇಟ್ಟಿಗೆಗೂ ನಿವೇಶನಕ್ಕೂ ಮಾರಲು ಹಿಂಜರಿಯಲಾರದು.

ಈ ಹಬ್ಬದ ಮರುದಿನದ ಆಚರಣೆಯೊಂದು ವಿಶೇಷವಾಗಿ ಮನನಯೋಗ್ಯವಾಗಿದೆ. ಹುಡುಗರು ಮಣ್ಣಿನ ಒಂದು ಕುಂಟೆತ್ತನ್ನು ಹಿಡಿದು, ಹಾಡು ಹೇಳುತ್ತ ಮನೆಮನೆಗೆ ಹೋಗಿ ಜೋಳ ಬೇಡುತ್ತಾರೆ. ಕೂಡಿದ ಕಾಳಿನಿಂದ ಊರ ಹೊರಗೆ ಅಡುಗೆಯಾಗುತ್ತದೆ. ಎಲ್ಲರೂ ಕೂಡಿ ಉಣ್ಣುತ್ತಾರೆ. ದುಡಿಯಲಾರದ ಎತ್ತಿನ ಹೆಸರಿನಲ್ಲಿ ಊರೆಲ್ಲ ಕಾಳು ನೀಡುವ ಈ ಆಟದಲ್ಲಿ ದಾಸೋಹದ ಬೀಜವಿದೆ. ಕಾಲು ಮುರಿದುದನ್ನು ಎಸೆಯಬೇಕೆಂದು ಪೇಟೆಯು ಕಲಿಸುತ್ತದೆ. ಅದರ ಹೊಟ್ಟೆಯ ಚಿಂತೆಯನ್ನು ಮೊದಲು ಮಾಡಬೇಕೆಂದು ಕುಂಟೆತ್ತು ಕಲಿಸುತ್ತದೆ. ಮಣ್ಣೆತ್ತನ್ನು ಕೊಂಡುತರುವ ಮನೆಯ ಮಗುವಿಗೆ ಈ ಎರಡನೆಯ ಪಾಠವು ದೊರೆಯುವುದೇ ಇಲ್ಲ.

ಆದುದರಿಂದ ಆಗಬೇಕಾದ ಕಾರ್ಯವು ದೊಡ್ಡದೇನಲ್ಲ. ಶಿಕ್ಷಕರು ಜೂನ್ ತಿಂಗಳಲ್ಲಿ ಶಾಲೆ ತೆರೆದ ಬಳಿಕ, ಅಮಾವಾಸ್ಯೆಗೆ ಮುಂಚಿನ ಒಂದು ಮಧ್ಯಾಹ್ನವನ್ನು ಮಣ್ಣಿಗೆ ಮೀಸಲಿಟ್ಟರೆ ಸಾಕು. ಊರ ಕುಂಬಾರನನ್ನು ಕರೆಸಿ, ಗುರುವಿನ ಪೀಠದಲ್ಲಿ ಕುಳ್ಳಿರಿಸಿ, ಅವನಿಗೆ ಸಲ್ಲಬೇಕಾದ ಸಂಭಾವನೆಯನ್ನು ಸಲ್ಲಿಸಿ, ಮಕ್ಕಳಿಗೆ ಎರೆ, ಮಸಾರಿ, ಜೇಡಿಗಳ ಭೇದವನ್ನು ಬೆರಳಿಗೆ ತಿಳಿಯುವಂತೆ ಕಲಿಸಬೇಕು. ಮಗುವು ತಿದ್ದಿದ ಎತ್ತು ಸೊಟ್ಟಗಿದ್ದರೂ ಅದೇ ಮನೆಯ ಜಗಲಿಯನ್ನೇರಲಿ. ದೂರದ ನಗರಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಮಣ್ಣಿನ ಕಟ್ಟೆಗೆ ಎಡೆಯಿಲ್ಲದಿರಬಹುದು. ಒಂದು ಹಲಗೆ, ಒಂದು ಬಟ್ಟಲು ನೀರು, ಒಂದು ದೀಪ, ಊರ ಹೊಲದಿಂದ ತಂದ ಒಂದು ಹಿಡಿ ಮಣ್ಣು, ಇಷ್ಟಕ್ಕೆ ಎಡೆಯಿಲ್ಲದ ಮನೆಯಾವುದು? ಪೂಜೆ ಮುಗಿದ ಮೇಲೆ ಆ ಮಣ್ಣು ತುಳಸಿಯ ಕುಂಡವನ್ನು ಸೇರಲಿ. ದಾನಿಗಳು ಅಲಂಕಾರದ ಮಂಟಪಗಳಿಗೆ ವ್ಯಯಿಸುವುದರಲ್ಲಿ ಒಂದು ಪಾಲನ್ನು ಊರಕೆರೆಯ ಹೂಳೆತ್ತಲು ಕೊಟ್ಟರೆ, ಆ ಹೂಳು ಗೊಬ್ಬರವಾಗಿ ಹೊಲವನ್ನು ಸೇರುತ್ತದೆ, ಕೆರೆಯಲ್ಲಿ ನೀರು ನಿಲ್ಲುತ್ತದೆ. ಅದಕ್ಕಿಂತ ಮಿಗಿಲಾದ ಪಂಚಭೂತಗಳ ಪೂಜೆ ಬೇರೊಂದಿಲ್ಲ.

ಜಗಲಿಯು ಮನೆಯ ಅತ್ಯಂತ ಚಿಕ್ಕ ಜಾಗ. ಆದರೆ ಮನೆಯವರು ಯಾವುದಕ್ಕೆ ತಲೆಬಾಗುತ್ತಾರೆಂಬುದು ತಿಳಿಯುವುದು ಅಲ್ಲಿಯೇ. ಅನ್ನವಿತ್ತ ಮಣ್ಣಿಗೆ ಅಲ್ಲಿ ಒಂದು ಹಿಡಿಯಷ್ಟು ಎಡೆ ದೊರೆಯುವವರೆಗೆ ಊರಿನ ಕೆರೆಗೂ ಹೊಲಕ್ಕೂ ದಿಕ್ಕಿದೆಯೆಂದು ನಂಬಬಹುದು.