ಮಾಗಿಯ ಕಾಲದಲ್ಲಿ ಹಿತ್ತಲಿನ ಕೋಳಿಗಳಿಂದ ಮೊಟ್ಟೆ ಪಡೆಯುವ ವಿಷಯ

ದೀಪಾವಳಿ ಕಳೆದು ಮಾಗಿಯ ಚಳಿ ತಲೆದೋರಿತೆಂದರೆ ಗ್ರಾಮಗಳಲ್ಲಿ ಮೊಟ್ಟೆಯ ಬುಟ್ಟಿ ಬರಿದಾಗುವುದು. "ಚಳಿಗೆ ಕೋಳಿ ಮೊಟ್ಟೆಯಿಡದು" ಎಂದು ಹೇಳಿ ಸುಮ್ಮನಾಗುವುದು ರೂಢಿಯಾಗಿದೆ. ಈ ಮಾತನ್ನು ಪರೀಕ್ಷಿಸದೆ ಒಪ್ಪಿಕೊಂಡಿರುವುದರಿಂದಲೇ ಪ್ರತಿ ವರ್ಷವೂ ಕಾರ್ತಿಕದಿಂದ ಪುಷ್ಯದವರೆಗೆ ಮನೆಗೆ ಸೇರಬೇಕಾದ ಆದಾಯವು ನಷ್ಟವಾಗುತ್ತಿದೆ. ಹೊಲದ ಹುಟ್ಟುವಳಿಯ ಹಣವು ಯಜಮಾನನ ಕೈಸೇರುವುದು. ಕೋಳಿಯ ಹಣವಾದರೋ ಬಹುಮಟ್ಟಿಗೆ ಮನೆಯ ಹೆಂಗಸರ ಕೈಯಲ್ಲಿ ನಿಲ್ಲುವುದು. ಮಗುವಿನ ಔಷಧ, ಶಾಲೆಯ ಪುಸ್ತಕ ಮೊದಲಾದ ಖರ್ಚುಗಳು ಇದರಿಂದಲೇ ಸಾಗುತ್ತವೆ. ಆದುದರಿಂದ ಇದನ್ನು ಅಲ್ಪವಿಷಯವೆಂದು ಗ್ರಾಮದ ಮುಖಂಡರೂ ಜಮೀನುದಾರರೂ ಉಪೇಕ್ಷಿಸುವುದು ಯುಕ್ತವಲ್ಲ.

ಮೊದಲನೆಯದಾಗಿ, ಈ ಸೀಮೆಯ ಚಳಿಯು ಕೋಳಿಗೆ ಅಷ್ಟೊಂದು ಬಾಧಕವಲ್ಲ. ಗರಿಯ ಹೊದಿಕೆಯಿರುವ ಪಕ್ಷಿಯು ಚಳಿಗಿಂತ ಬೇಸಗೆಯ ಬಿಸಿಲಿಗೇ ಹೆಚ್ಚು ಬಳಲುವುದು. ಮೊಟ್ಟೆ ನಿಲ್ಲುವುದಕ್ಕೆ ಮುಖ್ಯ ಕಾರಣಗಳು ಮೂರು: ಬೆಳಕಿನ ಕೊರತೆ, ಸತ್ತ್ವವುಳ್ಳ ಆಹಾರದ ಕೊರತೆ, ಗರಿ ಉದುರಿಸುವ ಕಾಲ. ಇವುಗಳಲ್ಲಿ ಮೊದಲಿನ ಎರಡು ಮನುಷ್ಯನ ಕೈಯಲ್ಲಿರತಕ್ಕವು.

ಬೆಳಕು ಕೋಳಿಯ ಕಣ್ಣಿನ ಮೂಲಕವೂ ತಲೆಬುರುಡೆಯ ಮೂಲಕವೂ ಮಿದುಳನ್ನು ಮುಟ್ಟಿ, ಅಂಡಾಶಯವನ್ನು ಪ್ರಚೋದಿಸುವ ರಸಗಳು ಸ್ರವಿಸುವಂತೆ ಮಾಡುತ್ತದೆ. ದಿನಕ್ಕೆ ೧೪ರಿಂದ ೧೬ ಗಂಟೆಗಳ ಬೆಳಕು ದೊರೆತರೆ ಮೊಟ್ಟೆಯಿಡುವ ಕಾರ್ಯವು ಚೆನ್ನಾಗಿ ನಡೆಯುವುದು. ಹಗಲು ಕುಗ್ಗುತ್ತ ಬಂದಂತೆ ಅದು ಸಡಿಲವಾಗುವುದು. ಲಂಡನ್ ನಗರದಲ್ಲಿ ಡಿಸೆಂಬರ್ ತಿಂಗಳಿನ ಹಗಲು ಎಂಟು ಗಂಟೆಗೂ ಕಡಮೆ. ಬೆಂಗಳೂರಿನಲ್ಲಿಯಾದರೋ ಅತ್ಯಂತ ಚಿಕ್ಕ ಹಗಲೂ ಸುಮಾರು ೧೧ ಗಂಟೆ ೨೦ ನಿಮಿಷಗಳಿದ್ದು, ಅತ್ಯಂತ ದೊಡ್ಡ ಹಗಲಿಗಿಂತ ಒಂದೂವರೆ ಗಂಟೆಯಷ್ಟು ಮಾತ್ರ ಕಡಮೆಯಾಗಿರುತ್ತದೆ. ಪ್ರಕೃತಿಯು ಕಸಿದುಕೊಳ್ಳುವುದು ಇಷ್ಟೇ. ಆದರೆ ಸಂಜೆ ಬೆಳಕಿರುವಾಗಲೇ ಕೋಳಿಗಳನ್ನು ಬುಟ್ಟಿಯಡಿ ಕವುಚಿ, ಬೆಳಗ್ಗೆ ಬಿಸಿಲೇರಿದ ಮೇಲೆ ಬಿಡುವ ಮನೆಗಳಲ್ಲಿ ಮನುಷ್ಯನೇ ಇನ್ನೊಂದೆರಡು ಗಂಟೆಗಳ ಬೆಳಕನ್ನು ಕಸಿದುಕೊಳ್ಳುತ್ತಾನೆ. ಮುಂಗುಸಿ, ಕಾಡುಬೆಕ್ಕುಗಳ ಭಯದಿಂದ ಹೀಗೆ ಮಾಡುವುದು ಅನಿವಾರ್ಯವೆಂದು ಹೇಳುವವರುಂಟು. ಪೂರ್ವದಿಕ್ಕಿಗೆ ತಂತಿಬಲೆಯ ಕಿಟಕಿಯುಳ್ಳ, ನೆಲಕ್ಕಿಂತ ಎತ್ತರವಾದ, ಒಳಗೆ ಕೂರುವ ಕೋಲುಗಳಿರುವ ಸಣ್ಣ ಗೂಡನ್ನು ಕಟ್ಟಿದರೆ ಭಯವೂ ತಪ್ಪುವುದು, ಬೆಳಗಿನ ಮೊದಲ ಬೆಳಕೂ ಒಳಗೆ ಬರುವುದು. ಚಳಿಗಾಳಿ ನೇರವಾಗಿ ಬೀಸದಂತೆ ಒಂದು ಪಕ್ಕಕ್ಕೆ ಗೋಣಿಯ ತೆರೆ ಕಟ್ಟಿದರೆ ಸಾಕು. ನಾಲ್ಕು ಕಡೆಯೂ ಮುಚ್ಚಿದರೆ ಹಿಕ್ಕೆಯ ಘಾಟು ನಿಂತು, ಕೋಳಿಗಳಿಗೆ ಉಸಿರಾಟದ ರೋಗಗಳು ತಗಲುವುವು.

ಎರಡನೆಯದು ಆಹಾರ. ಇದರಲ್ಲಿಯೇ ಹೆಚ್ಚು ಜನ ಮೋಸಹೋಗುವುದು. ಸುಗ್ಗಿಯ ಕಾಲದಲ್ಲಿ ಕಣದ ತುಂಬ ಕಾಳು ಚೆಲ್ಲಿರುತ್ತದೆ. ಕೋಳಿಯ ಮೇವುಚೀಲವು ಸಂಜೆಯ ಹೊತ್ತಿಗೆ ತುಂಬಿಯೇ ಇರುತ್ತದೆ. "ಹೊಟ್ಟೆ ತುಂಬಿದ ಕೋಳಿ ಏಕೆ ಮೊಟ್ಟೆಯಿಡದು?" ಎಂದು ಯಜಮಾನನು ಆಶ್ಚರ್ಯಪಡುತ್ತಾನೆ. ಮಳೆಗಾಲದಲ್ಲಿ ಅದೇ ಕೋಳಿಯು ಎರೆಹುಳು, ಗೆದ್ದಲು, ಮಿಡತೆ, ಎಳೆಯ ಹಸಿರನ್ನು ಹೆಕ್ಕಿ ತಿನ್ನುತ್ತಿತ್ತು. ನೆಲ ಒಣಗಿದೊಡನೆ ಇವೆಲ್ಲವೂ ಅಪರೂಪವಾಗುವುವು. ಕಣದ ರಾಗಿಯಿಂದ ಮೈಗೆ ಶಾಖವೂ ಕೊಬ್ಬೂ ದೊರೆಯುವುದೇ ಹೊರತು, ಮೊಟ್ಟೆ ಕಟ್ಟುವ ಸಸಾರಜನಕ ಸತ್ತ್ವವು ಸಾಲದು. ರಾಗಿಯಲ್ಲಿ ಅದು ನೂರಕ್ಕೆ ಏಳರಷ್ಟು ಮಾತ್ರ. ಕಡಲೆಕಾಯಿ ಹಿಂಡಿಯಲ್ಲಿಯಾದರೋ ನೂರಕ್ಕೆ ನಲವತ್ತಕ್ಕೂ ಮೇಲ್ಪಟ್ಟು ಇರುವುದು. ಆದುದರಿಂದ ತೌಡು, ನುಚ್ಚು, ಹಿಂಡಿಯ ಪುಡಿಗಳನ್ನು ಕಲಸಿ, ಪ್ರತಿ ಕೋಳಿಗೆ ೩೦ರಿಂದ ೫೦ ಗ್ರಾಂನಷ್ಟು ಸಂಜೆ ಗೂಡು ಸೇರುವ ಮುನ್ನ ಕೊಡತಕ್ಕದ್ದು. ಬೂಷ್ಟು ಹಿಡಿದ ಹಿಂಡಿಯನ್ನು ಮಾತ್ರ ಎಂದಿಗೂ ಕೊಡಕೂಡದು. ಆ ಬೂಷ್ಟಿನ ವಿಷವು ಕೋಳಿಯ ಪಿತ್ತಜನಕಾಂಗಕ್ಕೆ ತಗಲಿ ಪ್ರಾಣಹಾನಿಯನ್ನೇ ಮಾಡುವುದು. ಹಿತ್ತಲಲ್ಲಿ ಒಂದು ಹಳೆಯ ಮಡಕೆಗೆ ಒದ್ದೆಯ ಹುಲ್ಲನ್ನೂ ಸಗಣಿಯನ್ನೂ ತುಂಬಿ, ಗೆದ್ದಲಿರುವ ಕಡೆ ರಾತ್ರಿ ಬೋರಲಾಗಿಟ್ಟರೆ, ಬೆಳಗ್ಗೆ ಕಾಸಿನ ಖರ್ಚಿಲ್ಲದೆ ಹಿಡಿಯಷ್ಟು ಗೆದ್ದಲು ದೊರೆಯುವುದು.

ಮೊಟ್ಟೆಯ ಚಿಪ್ಪು ಬಹುತೇಕ ಸುಣ್ಣವೇ. ಒಂದೊಂದು ಮೊಟ್ಟೆಗೂ ಕೋಳಿಯು ಸುಮಾರು ಎರಡು ಗ್ರಾಂ ಸುಣ್ಣದ ಧಾತುವನ್ನು ಒದಗಿಸಬೇಕು. ಕಪ್ಪೆಚಿಪ್ಪಿನ ಚೂರನ್ನಾಗಲಿ, ಹುರಿದು ಪುಡಿಮಾಡಿದ ಮೊಟ್ಟೆಯ ಓಡನ್ನಾಗಲಿ ಒಂದು ಕರಟದಲ್ಲಿ ಬೇರೆಯಾಗಿ ಇಟ್ಟಿದ್ದರೆ ಕೋಳಿಯೇ ಬೇಕಾದಷ್ಟನ್ನು ತಿನ್ನುವುದು. ಮೊಟ್ಟೆಯ ಮುಕ್ಕಾಲು ಪಾಲು ನೀರು. ಒಂದು ದಿನ ನೀರು ತಪ್ಪಿದರೂ ಮೊಟ್ಟೆಯು ಹಲವು ದಿನ ನಿಲ್ಲುವುದುಂಟು. ಚಳಿಯಲ್ಲಿ ಕೋಳಿಗೆ ನೀರು ಬೇಡವೆಂಬ ಭಾವನೆಯು ತಪ್ಪು.

ಮೂರನೆಯದು ಗರಿ ಉದುರುವಿಕೆ. ಇದು ರೋಗವಲ್ಲ. ವರ್ಷಕ್ಕೊಮ್ಮೆ ಹಳೆಯ ಗರಿ ಕಳಚಿ ಹೊಸದು ಬರುವ ಎರಡು ಮೂರು ತಿಂಗಳು ಆಹಾರದ ಸತ್ತ್ವವೆಲ್ಲ ಗರಿಗೇ ಹೋಗುವುದು. ಬೋಳುಬೋಳಾಗಿ ಕಾಣುವ ಕೋಳಿಯನ್ನು ನಿಷ್ಪ್ರಯೋಜಕವೆಂದು ಸಂತೆಗೆ ಒಯ್ಯುವವರು ಅನೇಕ ವೇಳೆ ತಮ್ಮ ಉತ್ತಮವಾದ ಕೋಳಿಯನ್ನೇ ಮಾರಿಬಿಡುತ್ತಾರೆ. ತಡವಾಗಿ ಗರಿ ಉದುರಿಸಿ ಬೇಗನೆ ಮುಗಿಸುವ ಕೋಳಿಯು ಸಾಮಾನ್ಯವಾಗಿ ಹೆಚ್ಚು ಮೊಟ್ಟೆಯಿಡತಕ್ಕದ್ದು. ಆಷಾಢ ಶ್ರಾವಣದಲ್ಲಿಯೇ ಉದುರಿಸಲು ತೊಡಗಿ ತಿಂಗಳುಗಟ್ಟಲೆ ಎಳೆಯುವುದು ಕಡಮೆಯದು. ಮಾರುವುದಾದರೆ ಎರಡನೆಯದನ್ನು ಮಾರತಕ್ಕದ್ದು. ಇದಲ್ಲದೆ, ಮೊದಲ ವರ್ಷದ ಹ್ಯಾಟೆಗಳು ಮಾಗಿಯಲ್ಲಿ ಗರಿ ಉದುರಿಸದೆ ಮೊಟ್ಟೆಯಿಡುವುವು. ಯುಗಾದಿಯ ಸುಮಾರಿಗೆ ಒಡೆದ ನಾಟಿಮರಿಗಳು ಆರೇಳು ತಿಂಗಳು ತುಂಬಿ ಕಾರ್ತಿಕದ ಹೊತ್ತಿಗೆ ಮೊಟ್ಟೆಗೆ ಬರುವುದರಿಂದ, ಪ್ರತಿ ವರ್ಷವೂ ಆ ಕಾಲಕ್ಕೆ ಒಂದು ಕಾವು ಕೂರಿಸುವುದು ದೂರದೃಷ್ಟಿಯ ಕೆಲಸ.

ದೀಪದ ವಿಷಯದಲ್ಲಿ ವಿವೇಕ ಅವಶ್ಯಕ. ನಾಲ್ಕೈದು ನಾಟಿಕೋಳಿಗಳಿರುವ ಮನೆಗೆ ದೀಪದ ಖರ್ಚು ಅನಗತ್ಯ. ನಾಟಿಕೋಳಿಯು ವರ್ಷಕ್ಕೆ ಇಡುವುದು ೬೦ರಿಂದ ೮೦ ಮೊಟ್ಟೆ, ಕಾವು ಕೂರುವುದೂ ಅದರ ಗುಣವೇ. ಆದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ೧೯೮೯ರಲ್ಲಿ ಹೊರತಂದ ಗಿರಿರಾಜದಂತಹ ಸುಧಾರಿತ ತಳಿಗಳನ್ನು ಇಪ್ಪತ್ತು ಮೂವತ್ತರಂತೆ ಸಾಕುವವರು, ಗೂಡಿನಲ್ಲಿ ಒಂದು ಸಣ್ಣ ವಿದ್ಯುದ್ದೀಪವನ್ನು ಬೆಳಗಿನ ಜಾವ ನಾಲ್ಕು ಗಂಟೆಗೆ ಹೊತ್ತಿಸಿದರೆ, ೧೪ ಗಂಟೆಗಳ ಬೆಳಕು ಪೂರೈಸುವುದು. ಮೇವಿನ ಪಾತ್ರೆಯ ಬಳಿ ಅಕ್ಷರ ಓದುವಷ್ಟು ಬೆಳಕಿದ್ದರೆ ಸಾಕು. ಹೆಚ್ಚಾದರೆ ಕೋಳಿಗಳು ಒಂದನ್ನೊಂದು ಕುಕ್ಕುವುವು. ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸುತ್ತ ಹೋಗಿ, ಒಮ್ಮೆ ಮೊದಲುಮಾಡಿದ ಮೇಲೆ ನಡುವೆ ನಿಲ್ಲಿಸಕೂಡದು. ನಿಲ್ಲಿಸಿದರೆ ಗರಿ ಉದುರಲು ತೊಡಗಿ ಮೊದಲಿಗಿಂತ ಹೆಚ್ಚು ನಷ್ಟವಾಗುವುದು. ಹೊಟ್ಟೆಗೆ ಸತ್ತ್ವವಿಲ್ಲದ ಕೋಳಿಗೆ ದೀಪ ಹಚ್ಚುವುದು ಬಡಕಲು ಎತ್ತಿಗೆ ಬಾರುಕೋಲು ಬೀಸಿದಂತೆಯೇ ಸರಿ.

ಇಷ್ಟೆಲ್ಲವನ್ನೂ ಒಂದೊಂದು ಮನೆಯವರು ತಾವಾಗಿಯೇ ಮಾಡಬಹುದು. ಆದರೆ ಒಂದು ಕಾರ್ಯವು ಗ್ರಾಮದ ಮುಖಂಡರಿಲ್ಲದೆ ಸಾಧ್ಯವಿಲ್ಲ. ಕೊಕ್ಕರೆ ರೋಗವೆಂದು ಕರೆಯಲ್ಪಡುವ ರಾಣಿಖೇತ್ ಜಾಡ್ಯವು ಒಂದು ಮನೆಯ ಹಿತ್ತಲಿಗೆ ಬಂದರೆ ವಾರದೊಳಗೆ ಊರನ್ನೇ ಬರಿದುಮಾಡುವುದು. ಬದುಕುಳಿದ ಕೋಳಿಯೂ ಬಹುಕಾಲ ಸರಿಯಾಗಿ ಮೊಟ್ಟೆಯಿಡದು. ಇದಕ್ಕೆ ಔಷಧವಿಲ್ಲ, ಲಸಿಕೆಯೊಂದೇ ರಕ್ಷೆ: ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎಂಟನೆಯ ವಾರದಲ್ಲಿ ಚುಚ್ಚುಮದ್ದು. ಆದರೆ ಲಸಿಕೆಯ ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗಾಗುವಷ್ಟು ಇರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಗಳಲ್ಲಿಯೇ ಅದನ್ನು ಮುಗಿಸಬೇಕು. ಐದು ಕೋಳಿಗಳುಳ್ಳ ಬಡವಳು ಅದನ್ನು ಒಬ್ಬಳೇ ತರಿಸುವುದೆಂತು? ಊರಿನ ಮುಖಂಡರು ಪಶುವೈದ್ಯರೊಡನೆ ಒಂದು ದಿನವನ್ನು ಗೊತ್ತುಮಾಡಿ, ಹಿಂದಿನ ಸಂಜೆ ಡಂಗುರ ಹೊಡೆಯಿಸಿ, ಕೋಳಿಗಳು ಗೂಡಿನಿಂದ ಹೊರಬೀಳುವ ಮುನ್ನವೇ ಮನೆಮನೆಗೂ ಜನ ಹೋಗುವಂತೆ ಏರ್ಪಡಿಸಿದರೆ, ಒಂದು ಬೆಳಗಿನಲ್ಲಿ ಗ್ರಾಮವೆಲ್ಲ ಸುರಕ್ಷಿತವಾಗುವುದು. ತನ್ನ ಕೋಳಿಗಳಿಗೆ ಮಾತ್ರ ಲಸಿಕೆ ಹಾಕಿಸಿಕೊಂಡ ಜಮೀನುದಾರನು, ನೆರೆಯವರ ಕೋಳಿಗಳು ಸತ್ತು ಬೀಳುತ್ತಿರುವಾಗ, ತನ್ನ ಹೊಲಕ್ಕೆ ಮಾತ್ರ ಮಳೆ ಬರಲಿ ಎಂದು ಹಾರೈಸಿದವನಂತೆ ಆಗುವನು.

ಈ ಏರ್ಪಾಡಿಗೆ ತಕ್ಕ ಕಾಲವು ಮಳೆ ಹಿಂದೆಗೆಯುವ ಆಶ್ವೀಜ ಮಾಸ. ಆಗ ಲಸಿಕೆಯೂ ಗೂಡಿನ ದುರಸ್ತಿಯೂ ಮುಗಿದು, ಕಣ ಮಾಡುವ ವೇಳೆಗೆ ಹಿಂಡಿಯೂ ಸಿದ್ಧವಾಗಿದ್ದರೆ, ಆ ಮಾಗಿಯಲ್ಲಿ ಊರಿನ ಮನೆಗಳಲ್ಲಿ ಮೊಟ್ಟೆಯ ಬುಟ್ಟಿ ಬರಿದಾಗಿರದು. ಅದಾದ ಮೇಲೆ ಚಳಿಯನ್ನು ದೂರುವವರೂ ಕಡಮೆಯಾಗುವರು.